ಭಾನುವಾರ ಮಾತಾಡುವ ಮನೆ

ಜೂನ್ 3, ಮಂಗಳವಾರ. ಮಧ್ಯಾಹ್ನ, ಅಂಗಡಿ

ಬೆಳಿಗ್ಗೆಯೇ ಒಂದು ಗಾಜು ಹೋಯಿತು. ಮೆಷಿನ್ನಿಗೆ ಕೊಟ್ಟು ಅಂಚು ಉಜ್ಜುತ್ತಿದ್ದೆ, ಚಟ್ ಅಂತು. ಡಾಕ್ಟ್ರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಅದೇ ಅವರ ಬೈಗುಳ. ಕನ್ನಡಕದಂಗಡಿ ಮಾಲೀಕ ಬಿಳಿ ಕೋಟು ಹಾಕಿದ ತಪ್ಪಿಗೆ ಡಾಕ್ಟ್ರು ಅಂತ ಹೆಸರು ಬಿದ್ದಿದೆ. ಇವತ್ತು ಒಬ್ಬಳು ಅಜ್ಜಿ ಕಣ್ಣಿನ ಬದಲು ಮಂಡಿನೋವು ತೋರಿಸಿದಳು. ಪಾಪ, ಇವರೂ ಬಗ್ಗಿ ನೋಡಿದರು.

ಊಟಕ್ಕೆ ಮುಂಚೆ ಒಬ್ಬ ಹೆಂಗಸು ಬಂದಳು. ಫ್ರೇಮ್ ಸಡಿಲ. ತಿರುಪು ಬಿಗಿ ಮಾಡುತ್ತಿದ್ದೆ. ನನ್ನ ಮುಖವನ್ನೇ ನೋಡುತ್ತಿದ್ದಳು.

“ನೀವು ಆ ಕೋಲ್ಡ್ ಸ್ಟೋರೇಜ್ ಆಪರೇಟರ್ ಹೆಂಡ್ತಿ ಅಲ್ವಾ?”

“ಹೌದು.”

“ಅಯ್ಯೋ... ಏನೋ ಕೈತಪ್ಪಿ ಆಗಿದ್ದು, ಬಿಡಿ. ಯಾರೂ ಬೇಕು ಅಂತ ಮಾಡಲ್ಲ. ಆದ್ರೂ ಜೊತೆಗೆ ಹೋದ ಇನ್ನಿಬ್ಬರನ್ನ ನೆನೆಸಿಕೊಂಡ್ರೆ ಹೊಟ್ಟೆ ಉರಿಯುತ್ತೆ.”

ತಿರುಪು ಬಿಗಿಯಾಯಿತು. ಒರೆಸಿ ಕೊಟ್ಟೆ. ಈಗ ಸರಿಯಾಗಿ ಕಾಣುತ್ತಾ ಅಂದೆ. ಚೆನ್ನಾಗಿ ಕಾಣುತ್ತೆ ಅಂದಳು.

ಜೂನ್ 8, ಭಾನುವಾರ

ಬಾಯಿ ಬಿಚ್ಚುವ ದಿನ. ಮೇಷ್ಟ್ರ ಮನೆ.

ಮಕ್ಕಳನ್ನು ಮಹಡಿಗೆ ಅಟ್ಟಿ ಬಾಗಿಲು ಹಾಕಿಕೊಂಡೆವು. ನನ್ನ ಮಗಳು ರೇಡಿಯೋ, ಅಕ್ಕನ ಎರಡು ಹೆಣ್ಣುಮಕ್ಕಳು. ಈ ಅಕ್ಕ ತವರಿನವಳಲ್ಲ. ಆಸ್ಪತ್ರೆಯ ಬೆಂಚು ಕೊಟ್ಟ ಅಕ್ಕ. ಅವಳ ಗಂಡ ಎಲೆಕ್ಟ್ರಿಷಿಯನ್, ಮೇಷ್ಟ್ರ ಮಗ ಅವನ ಕೈಕೆಳಗೆ ಹೊಸದಾಗಿ ಸೇರಿದ್ದ ಹುಡುಗ, ನನ್ನವರು ಆಪರೇಟರ್. ಮೂರು ಹೆಣ ಒಂದೇ ವ್ಯಾನಿನಲ್ಲಿ ಬಂದವು. ನಾವು ಮೂವರು ಒಂದೇ ಬೆಂಚಿನಲ್ಲಿ ಕೂತಿದ್ದೆವು.

ಮೇಷ್ಟ್ರು ಎಂದಿನಂತೆ ಕೇಳಿದರು. “ನಿನ್ನ ಯಜಮಾನ್ರು ಹೊರಬಾಗಿಲ ಹತ್ರಾನೇ ಇದ್ರಲ್ವೇನಮ್ಮ? ಓಡಿಬಿಡಬಹುದಿತ್ತು.”

“ಹೌದು ಮೇಷ್ಟ್ರೆ.”

“ಆದ್ರೂ ಒಳಗೆ ಹೋದ್ರು.”

“ಹೋದ್ರು.”

“ನಮ್ಮ ಹುಡುಗನ್ನ ಕರ್ಕೊಂಡು ಬರಕ್ಕೆ.”

“ಹೌದು.”

ಪ್ರತಿ ವಾರ ಇದೇ ಪ್ರಶ್ನೆ, ಇದೇ ಉತ್ತರ. ಅವರಿಗೆ ಬೇಸರವಿಲ್ಲ. ನನಗೂ ಇಲ್ಲ. ಮಗ ಒಂಟಿಯಾಗಿ ಸಾಯಲಿಲ್ಲ ಎಂದು ಅವರಿಗೆ ಕೇಳಬೇಕು. ನನ್ನವರು ಕೊಂದವರಲ್ಲ ಎಂದು ನನಗೆ ಹೇಳಬೇಕು. ಇದನ್ನು ಹೇಳಬಹುದಾದ ಜಾಗ ಭೂಮಿಯ ಮೇಲೆ ಆ ಒಂದು ಕೋಣೆ.

ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಗ್ಯಾಸ್ ಸೋರಿದಾಗ ಅಲಾರಂ ಕೂಗಲಿಲ್ಲ. ಅದು ಸುಮ್ಮಸುಮ್ಮನೆ ಕೂಗಿ ಲಾರಿ ಲೋಡಿಂಗ್ ನಿಲ್ಲುತ್ತದೆ ಅಂತ ಮ್ಯಾನೇಜರ್ ಅದರ ವೈರ್ ಕೀಳಿಸಿದ್ದ. ಕಂಪನಿ ಆಫೀಸಿನ ಮುಚ್ಚಿದ ಬಾಗಿಲ ಹಿಂದೆ, ನಮ್ಮೆದುರು, ಅವರ ಇಂಜಿನಿಯರೇ ಒಪ್ಪಿಕೊಂಡ. ಹೊರಗೆ ಮಾತ್ರ ‘ಆಪರೇಟರ್ ತಪ್ಪು ವಾಲ್ವ್ ತಿರುಗಿಸಿದ’. ಆಮೇಲೆ ರಾಜಿ. ಪ್ರತಿ ತಿಂಗಳು ಮೂರು ಮನೆಗೂ ಹಣ ಬರುತ್ತದೆ, ನಾವು ಉಸಿರೆತ್ತಬಾರದು. ಮೂವರಲ್ಲಿ ಒಬ್ಬರು ಬಾಯಿಬಿಟ್ಟರೂ ಮೂವರಿಗೂ ನಿಲ್ಲುತ್ತದೆ. ಹೆತ್ತ ಮಕ್ಕಳಿಗೂ ಹೇಳುವಂತಿಲ್ಲ. ನಮ್ಮ ಲಾಯರ್ ಆ ಸಾಲನ್ನು ಎರಡು ಸಲ ಓದಿದ್ದರು. ನಾನು ಸಹಿ ಹಾಕಲ್ಲ ಅಂತ ಕೂತಿದ್ದೆ. ಅಕ್ಕ ನನ್ನ ಕೈ ಹಿಡಿದುಕೊಂಡು, “ನೀನು ಹಾಕದಿದ್ರೆ ನಮಗೂ ಇಲ್ವಲ್ಲೇ” ಅಂದಳು. ಹಾಕಿದೆ.

ಮೇಷ್ಟ್ರ ಹೆಂಡತಿಗೆ ಇವತ್ತು ಹೊಸ ಮಾತು ಬಂತು. ಮಗ ಹೋದ ಮೇಲೆ ಪಾರ್ಶ್ವವಾಯು ಬಡಿದು ನಾಲಿಗೆ ನಿಂತಿತ್ತು. ಆ ಹಣದಲ್ಲೇ ದಿನಾ ಬರುವ ಫಿಸಿಯೋ ಹುಡುಗಿ ಕೈ ಎತ್ತಿಸಿ, ಬಾಯಿ ತಿದ್ದಿ, ಒಂದೊಂದೇ ಮಾತು ಹೊರಗೆ ತೆಗೆಯುತ್ತಿದ್ದಾಳೆ. ಇವತ್ತು “ಕಿಟಕಿ” ಅಂದರು. ಮೇಷ್ಟ್ರು ಹೋಗಿ ಕಿಟಕಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಯಾವುದು ಬೇಕಿತ್ತೋ ಗೊತ್ತಾಗಲಿಲ್ಲ. ಎಲ್ಲರೂ ನಕ್ಕೆವು. ಅವರೂ ನಕ್ಕರು, ಅರ್ಧ ಮುಖದಲ್ಲಿ.

ಜೂನ್ 19, ಗುರುವಾರ. ಬೆಳಿಗ್ಗೆ

ರೇಡಿಯೋ ಎರಡು ದಿನದಿಂದ ಆಫ್. ಅವಳಪ್ಪನೇ ಇಟ್ಟ ಹೆಸರು. ಎದ್ದಾಗ ಶುರುವಾದರೆ ನಿದ್ದೆ ಬರುವವರೆಗೆ ವಾರ್ತೆ, ಹಾಡು, ಹವಾಮಾನ. ಹಲ್ಲುಜ್ಜುವಾಗಲೂ ಪ್ರಸಾರ. ಈಗ ತಟ್ಟೆ ನೋಡಿಕೊಂಡು ತಿನ್ನುತ್ತಾಳೆ.

ಶೂ ಕಟ್ಟಿಕೊಳ್ಳುತ್ತಾ, ತಲೆ ಎತ್ತದೆ ಕೇಳಿದಳು. “ಅವತ್ತು ಅಪ್ಪ ಕುಡಿದಿದ್ರಾ?”

ನೀರಿನ ಬಾಟಲಿಯ ಮುಚ್ಚಳ ಇನ್ನೊಂದು ಸುತ್ತು ತಿರುಗಿಸಿದೆ.

“ಯಾರೇ ಹಂಗಂದೋರು?”

“ಕ್ಲಾಸಲ್ಲಿ. ಕುಡಿದು ಏನೋ ತಿರುಗಿಸಿಬಿಟ್ರಂತೆ. ಅಕ್ಕನ ಮನೆ ಅಂಕಲ್, ಮೇಷ್ಟ್ರ ಮನೆ ಅಣ್ಣ, ಇಬ್ಬರನ್ನೂ ಅಪ್ಪನೇ...”

“ನಿಮ್ಮಪ್ಪ ಕುಡೀತಿರಲಿಲ್ಲ.”

“ಮತ್ತೆ ಏನಾಯ್ತು? ಹೇಳು.”

ವ್ಯಾನ್ ಹಾರ್ನ್ ಹೊಡೆಯಿತು. ಬ್ಯಾಗ್ ಹೆಗಲಿಗೆ ಹಾಕಿದೆ. ಬಾಗಿಲಲ್ಲಿ ನಿಂತು ಇನ್ನೊಮ್ಮೆ ನೋಡಿದಳು. ಹದಿಮೂರು ವರ್ಷದ ಹುಡುಗಿ ನೋಡುವ ನೋಟವಲ್ಲ.

“ಸುಮ್ನೆ ಇದ್ದೀಯ ಅಂದ್ರೆ ಹೌದು ಅಂತ ಅರ್ಥ, ಅಲ್ವಾ?”

ಜೂನ್ 24, ಮಂಗಳವಾರ

ಅವಳ ಪುಸ್ತಕಗಳಿಗೆ ಹೊಸ ಬೈಂಡು, ಹೊಸ ಲೇಬಲ್. ತಾನೇ ಹಾಕಿಕೊಂಡಿದ್ದಾಳೆ. ಅಕ್ಷರ ದುಂಡಗೆ, ಅಪ್ಪನದ್ದೇ ಕೈಬರಹ. ಹೆಸರಿನ ಮುಂದೆ ಅಪ್ಪನ ಹೆಸರಿಲ್ಲ. ಮರೆತಿರಬೇಕು ಅಂತ ಒಂದೊಂದೇ ತಿರುವಿ ನೋಡಿದೆ. ಗಣಿತ, ವಿಜ್ಞಾನ, ಭಾಷೆ. ಒಂದರಲ್ಲೂ ಇಲ್ಲ.

ಅದೇ ಜಾಗದಲ್ಲಿ ಮತ್ತೆ ಇಟ್ಟೆ.

ಜೂನ್ 28, ಶನಿವಾರ. ಸಂಜೆ

ಹೇಳಿಬಿಟ್ಟೆ.

ಐಸ್‌ಕ್ರೀಮ್ ಕೊಡಿಸ್ತೀನಿ ಬಾ ಅಂತ ಕರೆದುಕೊಂಡು ಹೋದೆ. ಆಟದ ಮೈದಾನದ ಗ್ಯಾಲರಿ ಖಾಲಿ. ಮೇಲಿನ ಮೆಟ್ಟಿಲಲ್ಲಿ ಕೂತೆವು. ದೂರದಲ್ಲಿ ಯಾರೋ ಹುಲ್ಲು ಕತ್ತರಿಸುತ್ತಿದ್ದರು, ಮೆಷಿನ್ ಸದ್ದು. ಒಳ್ಳೆಯದೇ ಆಯಿತು, ಮಾತು ದೂರ ಹೋಗುವುದಿಲ್ಲ.

ಎಲ್ಲ ಹೇಳಿದೆ. ಅಲಾರಂ, ವೈರ್, ಮ್ಯಾನೇಜರ್. ಅವಳಪ್ಪ ಮೆಷಿನ್ ರೂಮಿನಿಂದ ಹೊರಗೆ ಬಂದವರು ಒಳಗಿನ ಕೂಗು ಕೇಳಿ ಮುಖಕ್ಕೆ ಒದ್ದೆ ಗೋಣಿ ಸುತ್ತಿಕೊಂಡು ಹೋದದ್ದು. ಹೆಣ ಸಿಕ್ಕಾಗ ಅವರ ಒಂದು ಕೈ ಮೇಷ್ಟ್ರ ಮಗನ ಕಂಕುಳಲ್ಲಿ ಇದ್ದದ್ದು.

ಐಸ್‌ಕ್ರೀಮ್ ಕರಗಿ ಅವಳ ಮೊಣಕೈವರೆಗೆ ಇಳಿಯಿತು. ನೆಕ್ಕಲಿಲ್ಲ.

“ಹೊರಗೇ ಇದ್ದಿದ್ರೆ ಬದುಕ್ತಿದ್ರಾ?”

“ಹೂಂ.”

“ಮತ್ತೆ ನಮ್ಮನ್ನ ನೆನೆಸಿಕೊಳ್ಳಲಿಲ್ವಾ?”

ಈ ಪ್ರಶ್ನೆಯನ್ನು ನಾನೂ ಎಷ್ಟು ಸಲ ಕೇಳಿಲ್ಲ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು! “ನೆನೆಸಿಕೊಂಡಿರ್ತಾರೆ” ಅಂದೆ. “ನೆನೆಸಿಕೊಂಡೇ ಹೋಗಿರ್ತಾರೆ.”

ಆಗ ಅತ್ತಳು. ನನ್ನ ಮಡಿಲಲ್ಲಿ ಮುಖವಿಟ್ಟು, ಮಗುವಾಗಿದ್ದಾಗ ಅಳುತ್ತಿದ್ದ ಹಾಗೆ ಇಡೀ ಮೈಯಲ್ಲಿ.

ಯಾರಿಗೂ ಹೇಳಬಾರದು, ಯಾಕೆ ಹೇಳಬಾರದು, ಹೇಳಿದರೆ ಯಾರ್‍ಯಾರಿಗೆ ಏನಾಗುತ್ತದೆ, ಎಲ್ಲ ಬಿಡಿಸಿ ಹೇಳಿದೆ. ಬಾಯಿಗೆ ಬೀಗ ಅಂದಳು. ಬೀಗದ ಕೈ ಗ್ಯಾಲರಿಯಿಂದಾಚೆ ಎಸೆದ ಹಾಗೆ ಕೈ ಬೀಸಿದಳು.

ಮನೆಗೆ ಬಂದು ಎರಡೆರಡು ಸಲ ಬಡಿಸಿಕೊಂಡಳು. ಬಾಯಿ ತುಂಬ ಅನ್ನ ಇಟ್ಟುಕೊಂಡೇ ವಾರ್ತಾಪ್ರಸಾರ ಶುರು. ಕೇಳುತ್ತಾ ಕೂತೆ. ತಪ್ಪು ಮಾಡಿದೆನಾ? ಮಾಡಿದ್ದರೂ ಇವತ್ತೊಂದು ದಿನ ಗೊತ್ತಾಗದಿರಲಿ.

ಜುಲೈ 6, ಭಾನುವಾರ

ಅಕ್ಕನ ಮುಖ ನೋಡುವುದು ಕಷ್ಟವಾಯಿತು. ಏನೇ, ಜ್ವರ ಬಂದವಳ ಹಾಗಿದ್ದೀಯ ಅಂತ ಹಣೆ ಮುಟ್ಟಿದಳು.

ಹೊರಡುವಾಗ ರೇಡಿಯೋ ಮಹಡಿಯಿಂದ ಇಳಿದವಳೇ ಮೇಷ್ಟ್ರ ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡು ನಿಂತಳು. ಸುಮ್ಮನೆ. ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಗೊತ್ತಾಗಿಹೋಯಿತು ಅಂದುಕೊಂಡೆ. ಆದರೆ ಅವರು ಜೇಬಿನಿಂದ ಪೆಪ್ಪರಮೆಂಟು ತೆಗೆದು ಅವಳ ಅಂಗೈಲಿಟ್ಟರು, ಅಷ್ಟೇ.

ಲೇಬಲ್‌ಗಳಲ್ಲಿ ಅಪ್ಪನ ಹೆಸರು ವಾಪಸ್ ಬಂದಿದೆ. ಬೇರೆ ಪೆನ್ನಿನಲ್ಲಿ, ಸ್ವಲ್ಪ ದಪ್ಪಕ್ಷರದಲ್ಲಿ.

ಜುಲೈ 22, ಮಂಗಳವಾರ. ಸಂಜೆ

ಬಾಗಿಲಲ್ಲೇ ನಿಂತಿದ್ದಳು. ಬ್ಯಾಗ್ ಇಳಿಸಿರಲಿಲ್ಲ.

“ಅಮ್ಮಾ, ಒಂದು ಮಾತು ಬಿದ್ದುಹೋಯ್ತು ಬಾಯಿಂದ.”

ಕ್ಲಾಸಿನಲ್ಲೊಬ್ಬಳಿದ್ದಾಳೆ, ರಿಬ್ಬನ್ ಅಂತ ಕರೆಯುತ್ತಾರಂತೆ. ಆ ಮ್ಯಾನೇಜರ್ ಅವಳ ಸೋದರಮಾವ. ನನಗಿದು ಗೊತ್ತಿರಲಿಲ್ಲ. ನೀರು ಕುಡಿಯುವ ಸಾಲಿನಲ್ಲಿ ರಿಬ್ಬನ್ ಎಲ್ಲರೆದುರು, ಇವಳ ಲೋಟ ಮುಟ್ಟಬೇಡ್ರೋ, ಇವರಪ್ಪ ಮುಟ್ಟಿದ್ದಕ್ಕೇ ಇಬ್ಬರು ಹೋದ್ರು ಅಂದಳಂತೆ. ಎಲ್ಲರೂ ನಕ್ಕರಂತೆ.

“ನಾನು, ಅಲಾರಂ ವೈರ್ ಕೀಳಿಸಿದ್ದು ನಿಮ್ಮ ಮಾವ, ಹೋಗಿ ಕೇಳು ಅಂದುಬಿಟ್ಟೆ.”

“ಇನ್ನೇನಂದೆ?”

“ಅಷ್ಟೇ. ಅಷ್ಟೇ ಅಮ್ಮಾ, ನಿಜವಾಗ್ಲೂ ಅಷ್ಟೇ.”

ಅಷ್ಟು ಸಾಕು. ಅಲಾರಂ ಅನ್ನುವ ಮಾತು ರಾಜಿಯಾದ ಆ ಮುಚ್ಚಿದ ಕೋಣೆಯಿಂದ ಆಚೆ ಯಾರಿಗೂ ಗೊತ್ತಿಲ್ಲ.

ಬೈಯಲಿಲ್ಲ. ಏನೂ ಆಗಲ್ಲ ಬಿಡು, ಮಕ್ಕಳ ಜಗಳ ಅಂದೆ. ಕೈಕಾಲು ತೊಳೆದುಕೊಂಡು ಬಾ ಅಂದೆ. ಮಾತು ಆಡಿದರೆ ಹೋಯ್ತು ಅಂತಾರೆ. ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳುವುದಿಲ್ಲ.

ಜುಲೈ 31, ಗುರುವಾರ

ಲಾಯರ್ ಫೋನ್. ಅಂಗಡಿಗೇ ಮಾಡಿದರು. “ನಾಳೆ ಬನ್ನಿ. ಒಬ್ಬರೇ ಬನ್ನಿ.”

ಒಂಬತ್ತು ದಿನ ಏನೂ ಆಗಲಿಲ್ಲ ಅಂತ ಬೆಳಿಗ್ಗೆ ತಾನೇ ನೆಮ್ಮದಿಯಾಗಿದ್ದೆ.

ಆಗಸ್ಟ್ 1, ಶುಕ್ರವಾರ

ಲಾಯರ್ ಕೆಟ್ಟವರಲ್ಲ. ಟೀ ತರಿಸಿದರು. ಅವರ ಕನ್ನಡಕದ ಮೂಗಿನ ಪ್ಯಾಡ್ ಒಂದು ಕಡೆ ಹೋಗಿದೆ, ಓರೆಯಾಗಿ ಕೂತಿತ್ತು. ನೇರ ಮಾಡಬೇಕು ಅಂತ ಕೈ ತುರಿಸುತ್ತಿತ್ತು. ಇಂಥ ಹೊತ್ತಲ್ಲಿ ಮನಸ್ಸು ಎಲ್ಲೆಲ್ಲಿಗೆ ಹೋಗುತ್ತದೆ!

“ಅಲಾರಂ ಮಾತು ಮ್ಯಾನೇಜರ್ ಕಿವಿಗೆ ಬಿದ್ದಿದೆ. ಯಾರಿಗಾದ್ರೂ ಹೇಳಿದ್ರಾ? ನನ್ನ ಹತ್ರ ಸುಳ್ಳು ಬೇಡ.”

“ಮಗಳಿಗೆ.”

ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಒಂದು ಹಾಳೆ ನನ್ನ ಕಡೆ ತಿರುಗಿಸಿದರು. ಕಂಪನಿಯವರು ಕಳಿಸಿದ್ದು. ಮಗು ಅವರ ಆಫೀಸಿಗೆ ಬರಬೇಕು. ಅಲಾರಂ ವಿಷಯ ತಾನೇ ಕಟ್ಟಿದ ಕತೆ, ಅಪ್ಪನ ತಪ್ಪಿನಿಂದಲೇ ಅಪಘಾತ ಆಯಿತೆಂದು ತನಗೆ ಗೊತ್ತು, ಹೀಗಂತ ಅವರೆದುರು ಹೇಳಿ ಸಹಿ ಹಾಕಬೇಕು. ಜೊತೆಗೆ ನನ್ನ ಸಹಿ. ಹಾಕಿದರೆ ಮೂರು ಮನೆಗೂ ಹಣ ಬರುತ್ತಾ ಇರುತ್ತದೆ.

“ಐದು ನಿಮಿಷದ ಕೆಲಸ” ಅಂದರು ಲಾಯರ್. “ನಾನು ಪಕ್ಕದಲ್ಲೇ ಇರ್ತೀನಿ. ಮಕ್ಕಳು ಮರೀತಾರೆ.”

“ಹಾಕದಿದ್ರೆ?”

“ನೀವು ಹೇಳಿದ್ದು ಹೌದು ಅಂತ ಆಗುತ್ತೆ. ಮೂವರದ್ದೂ ನಿಲ್ಲುತ್ತೆ. ಕೋರ್ಟಿಗೆ ಹೋಗೋ ದಾರಿ ನಾವೇ ಮುಚ್ಚಿಕೊಂಡು ಬಂದಿದ್ದೀವಿ.”

ಪೆನ್ನು ತೆಗೆದುಕೊಂಡೆ. ಇಲ್ಲಿ ಸುಳ್ಳು ಬರೆಯುವುದಿಲ್ಲ. ತೆಗೆದುಕೊಂಡೆ, ನನ್ನ ಹೆಸರಿನ ಮೊದಲ ಅಕ್ಷರವನ್ನೂ ಬರೆದೆ. ಮೇಷ್ಟ್ರ ಹೆಂಡತಿಯ “ಕಿಟಕಿ” ಕಿವಿಯಲ್ಲಿತ್ತು. ಅಕ್ಕನ ದೊಡ್ಡವಳು ಇದೇ ಹಣದಲ್ಲಿ ನರ್ಸಿಂಗ್ ಸೇರಿದ್ದಾಳೆ. ಎಲ್ಲ ಗೊತ್ತಿತ್ತು. ಆದರೆ ನನ್ನ ಸಹಿಯ ಕೆಳಗೆ ಮಗಳಿಗೆಂದು ಬಿಟ್ಟಿದ್ದ ಗೆರೆ ನೋಡಿದೆ. ಆ ದುಂಡನೆಯ ಅಕ್ಷರದಲ್ಲಿ, ಅಪ್ಪನ ಹೆಸರು ಮುಂದೆ ಹಾಕಿ, ಅಪ್ಪ ಕೊಂದ ಅಂತ ಬರೆದುಕೊಡಬೇಕು ಅವಳು.

ಪೆನ್ನು ಕೆಳಗಿಟ್ಟೆ.

“ನಾನೇ ಹೇಳಿದ್ದು ಅಂತ ಬರೆದುಕೊಳ್ಳಿ ಸರ್. ಅವಳನ್ನ ಕರೀಬೇಡಿ.”

“ಒಂದು ಸಲ ಯೋಚನೆ ಮಾಡಿ.”

“ಮಾಡಿದೆ.”

ಟೀ ಮೇಲೆ ಕೆನೆ ಕಟ್ಟಿತ್ತು.

ಆಗಸ್ಟ್ 3, ಭಾನುವಾರ

ಬರೆಯಬೇಕು. ಬರೆಯದೆ ಆಗುವುದಿಲ್ಲ.

ರೇಡಿಯೋನ ಮನೆಯಲ್ಲೇ ಬಿಟ್ಟು ಹೋದೆ. ಮೇಷ್ಟ್ರು ಹೆಂಡತಿಗೆ ಗಂಜಿ ಕುಡಿಸುತ್ತಿದ್ದರು. ಅಕ್ಕ ಕಿಟಕಿ ಹತ್ತಿರ ಬಟ್ಟೆ ಮಡಚುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಕಂಪನಿಯ ಹಾಳೆಯ ವಿಷಯವನ್ನೂ.

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಮಡಚಿದ್ದ ದುಪ್ಪಟ್ಟಾ ಬಿಚ್ಚಿ ಮತ್ತೆ ಮಡಚಿದಳು.

“ಅಂದ್ರೆ... ಈ ತಿಂಗಳಿಂದಾನೇ?”

“ಈ ತಿಂಗಳಿಂದಾನೇ ಅಕ್ಕ.”

“ಆ ಹಾಳೆಗೆ ಸಹಿ ಹಾಕಿದ್ರೆ ನಿಲ್ತಿರಲಿಲ್ಲ.”

“ಹೂಂ.”

“ಒಂದು ಸಹಿ ಕಣೇ! ನಾವೆಲ್ಲ ಹಾಕಿರಲಿಲ್ವಾ? ನನ್ನ ಗಂಡನ ಹೆಣದ ಮೇಲೆ ನಾನು ಹಾಕಿರಲಿಲ್ವಾ?”

“ಅವಳು ಮಗು ಅಕ್ಕ. ಅಪ್ಪನ ಮೇಲೆ...”

“ನನ್ನವು ಮಕ್ಕಳಲ್ವಾ? ನಿನ್ನ ಗಂಡನ ಹೆಸರು ಉಳೀತು. ನನ್ನ ಮಕ್ಕಳ ಹೊಟ್ಟೆ ಮೇಲೆ ಹೊಡೆದೆ.” ಕೂಗಲಿಲ್ಲ ಅವಳು. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು. “ನಮ್ಮನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಂಗೆ?”

“ಕೇಳಿದ್ರೆ ಸಹಿ ಹಾಕು ಅಂತಿದ್ರಿ.”

“ಅದಕ್ಕೇ ಕೇಳಬೇಕಿತ್ತು.”

ದುಪ್ಪಟ್ಟಾದ ಇನ್ನೊಂದು ತುದಿ ಹಿಡಿಯಲು ಹೋದೆ. ಎಳೆದುಕೊಂಡಳು.

ಅಕ್ಕ ಅಳುತ್ತಾ ಹೊರಟುಹೋದಳು. ಬಟ್ಟೆ ಅಲ್ಲೇ ಬಿಟ್ಟು. ಮೇಷ್ಟ್ರು ಚಮಚ ಬಟ್ಟಲಿಗೆ ಹಾಕಿ, ಹೆಂಡತಿಯ ಗಲ್ಲ ಒರೆಸಿ, ತಲೆದಿಂಬು ತಿರುಗಿಸಿ ಹಾಕಿದರು. ತುಂಬ ಹೊತ್ತು ತೆಗೆದುಕೊಂಡರು ಅಷ್ಟಕ್ಕೆ. ಅವರು ಪ್ರಶ್ನೆ ಕೇಳಲಿ ಅಂತ ಕಾದೆ. ಹೊರಬಾಗಿಲ ಹತ್ರಾನೇ ಇದ್ರಲ್ವಾ, ಅಂತ. ಕೇಳಲಿಲ್ಲ.

“ಫಿಸಿಯೋ ಹುಡುಗೀನ ನಾಳೆಯಿಂದ ಬರಬೇಡ ಅನ್ನಬೇಕು” ಅಂದರು. ಆಮೇಲೆ, ಬಾಗಿಲವರೆಗೆ ಬಂದು, ಅದೇ ಮೆತ್ತನೆಯ ದನಿಯಲ್ಲಿ: “ಮುಂದಿನ ಭಾನುವಾರ ನೀನೂ ಬರಬೇಡಮ್ಮ.”

ಆಗಸ್ಟ್ 10, ಭಾನುವಾರ

ಬಟ್ಟೆ ಒಗೆದೆ.

ಆಗಸ್ಟ್ 17, ಭಾನುವಾರ

ಬಟ್ಟೆ ಒಗೆದೆ. ಒಗೆಯುವುದಕ್ಕೆ ಏನೂ ಇರಲಿಲ್ಲ, ಪರದೆ ಬಿಚ್ಚಿ ಒಗೆದೆ. ಯಾಕೆ ಹೋಗ್ತಿಲ್ಲ ಅಂತ ರೇಡಿಯೋ ಕೇಳಿದಳು. ಮೇಷ್ಟ್ರ ಮನೆಗೆ ನೆಂಟರು ಬಂದಿದ್ದಾರೆ ಅಂದೆ. “ಎರಡು ವಾರದಿಂದ? ಭಾರೀ ದೊಡ್ಡ ನೆಂಟರೇ!” ಅಂದಳು. ನಗಬೇಕಾಯಿತು.

ಹಣ ನಿಂತ ವಿಷಯ ಅವಳಿಗೆ ಗೊತ್ತಿಲ್ಲ. ಡಾಕ್ಟ್ರು ಸಂಜೆ ಪಾಳಿಯನ್ನೂ ಕೊಟ್ಟಿದ್ದಾರೆ. ಅವಳಿಗೆ ಗೊತ್ತಾಗುವುದೂ ಬೇಡ. ಎಷ್ಟು ದಿನ ಮುಚ್ಚಿಡಬಲ್ಲೆ? ಮುಚ್ಚಿಡುವುದರಲ್ಲಿ ನನ್ನ ಕೈ ಎಷ್ಟು ಪಳಗಿದೆ ಅಂತ ಗೊತ್ತಾಯಿತಲ್ಲ.

ಆಗಸ್ಟ್ 26, ಮಂಗಳವಾರ

ಮಾರ್ಕೆಟ್ಟಿನಲ್ಲಿ ಅಕ್ಕ. ಒಂದು ಮಾರು ದೂರದಲ್ಲಿ, ಈರುಳ್ಳಿ ಆರಿಸುತ್ತಿದ್ದಳು. ಸೊರಗಿದ್ದಾಳೆ. ಒಂದು ಹೋಟೆಲ್ಲಿನ ಅಡುಗೆಮನೆಗೆ ಸೇರಿದ್ದಾಳಂತೆ. ಕೈಮೇಲೆ ಸುಟ್ಟ ಗಾಯ, ಹೊಸದು. ಅಕ್ಕಾ ಅಂದೆ. ಆರಿಸಿದ್ದ ಈರುಳ್ಳಿಯನ್ನೆಲ್ಲ ರಾಶಿಗೆ ಸುರಿದು ಹೊರಟುಹೋದಳು.

ಅಂಗಡಿಯವನು ನನ್ನನ್ನು ನೋಡಿದ, ನಾನೇನೋ ಅವನ ವ್ಯಾಪಾರ ಕೆಡಿಸಿದ ಹಾಗೆ. ಕೆಡಿಸಿದ್ದೂ ಹೌದು.

ಸೆಪ್ಟೆಂಬರ್ 9, ಮಂಗಳವಾರ. ಅಂಗಡಿ

ಲಾಯರ್ ಬಂದಿದ್ದರು, ಮೂಗಿನ ಪ್ಯಾಡ್ ಹಾಕಿಸಿಕೊಳ್ಳಲು. ಹೋಗುವಾಗ ಮೆಲ್ಲಗೆ ಅಂದರು, “ಇನ್ನು ನೀವು ಯಾರಿಗೆ ಬೇಕಾದ್ರೂ ಹೇಳಬಹುದು. ಕಳೆದುಕೊಳ್ಳೋಕೆ ಏನೂ ಉಳಿದಿಲ್ಲವಲ್ಲ.”

ಯಾರಿಗೆ ಬೇಕಾದರೂ!

ಮಧ್ಯಾಹ್ನ ಅದೇ ಹೆಂಗಸು ಬಂದಳು, ಮತ್ತೆ ಫ್ರೇಮ್ ಸಡಿಲ. ತಿರುಪು ಹಾಕುತ್ತಾ, ತಲೆ ಎತ್ತದೆ ಹೇಳಿದೆ. ನನ್ನ ಗಂಡ ತಪ್ಪು ಮಾಡಲಿಲ್ಲ, ಅಲಾರಂ ವೈರ್ ಕಿತ್ತಿಟ್ಟಿದ್ದರು, ಇವರು ಆ ಇಬ್ಬರನ್ನು ಉಳಿಸಲು ಒಳಗೆ ಹೋದವರು. ಒಂದೇ ಉಸಿರಿಗೆ. ಇಷ್ಟು ಕಾಲ ಬಿಸಿ ತುಪ್ಪದ ಹಾಗೆ, ಉಗುಳಲೂ ಆಗದೆ ನುಂಗಲೂ ಆಗದೆ ಇಟ್ಟುಕೊಂಡಿದ್ದ ಮಾತು. 

“ಹೌದಾ?” ಅಂದಳು. “ನೋಡಿ, ನಮಗೆ ಗೊತ್ತೇ ಇರಲಿಲ್ಲ. ಪಾಪ.” ಆಮೇಲೆ, “ಇದು ಪದೇ ಪದೇ ಸಡಿಲ ಆಗುತ್ತಲ್ಲ, ಬೇರೆ ಫ್ರೇಮ್ ತೋರಿಸ್ತೀರಾ?”

ತೋರಿಸಿದೆ. ಕಂದು ಬಣ್ಣದ್ದು ತೆಗೆದುಕೊಂಡಳು. ಅವಳ ಮುಖಕ್ಕೆ ಒಪ್ಪುತ್ತದೆ.

ಸೆಪ್ಟೆಂಬರ್ 12, ಶುಕ್ರವಾರ

ಹಣ ನಿಂತದ್ದು ಗೊತ್ತಾಯಿತು ರೇಡಿಯೋಗೆ.

ಬಸ್ ಸ್ಟಾಪಿನಲ್ಲಿ ಅಕ್ಕನ ದೊಡ್ಡವಳು ಸಿಕ್ಕಳಂತೆ. ಯೂನಿಫಾರಂ ಇಲ್ಲದೆ, ಬಟ್ಟೆ ಅಂಗಡಿಯ ಬ್ಯಾಡ್ಜ್ ಹಾಕಿಕೊಂಡು. ನರ್ಸಿಂಗ್ ಬಿಟ್ಟಿದ್ದಾಳೆ. ಯಾಕೆ ಅಂತ ಕೇಳಿದ್ದಾಳೆ ಇವಳು. “ನಿನ್ನ ಬಾಯಿಂದ” ಅಂದಳಂತೆ ಅವಳು, ಬಸ್ ಹತ್ತುತ್ತಾ.

ಇದನ್ನು ಹೇಳಿದ್ದೇ ಕೊನೆ. ಅಳಲಿಲ್ಲ.

“ನಿನ್ನ ತಪ್ಪಲ್ಲ ಪುಟ್ಟಾ. ನಿಂಗೆ ಹೇಳಿದ್ದು ನಾನು. ಸಹಿ ಹಾಕಲ್ಲ ಅಂದಿದ್ದೂ ನಾನು. ಕೇಳ್ತಾ ಇದ್ದೀಯಾ?”

ತಲೆ ಆಡಿಸಿದಳು. ಕೇಳುತ್ತಿದ್ದಾಳೆ. ಅಷ್ಟೇ.

ಸೆಪ್ಟೆಂಬರ್ 18, ಗುರುವಾರ

ತಲೆ ಆಡಿಸುತ್ತಾಳೆ, ಇಲ್ಲವೇ ಹೆಗಲು ಕುಣಿಸುತ್ತಾಳೆ. ಆರು ದಿನದಿಂದ ಒಂದು ಮಾತಿಲ್ಲ. ಶಾಲೆಯಲ್ಲೂ ಹಾಗೇ ಅಂತೆ. ಟೀಚರ್ ಕರೆಸಿದ್ದರು. ಆಸ್ಪತ್ರೆಯಲ್ಲಿ ಗಂಟಲು ತೋರಿಸಿ ಅಂದರು. ತೋರಿಸಿದೆ. ಗಂಟಲಲ್ಲಿ ಏನೂ ಇಲ್ಲ.

ಮೂರು ಮನೆ ಕಾಪಾಡಲು ಒಂದು ಸಲ ಬಾಯಿ ಮುಚ್ಚಿದೆ. ಇವಳನ್ನು ಕಾಪಾಡಲು ಒಂದು ಸಲ ತೆರೆದೆ. ಎರಡರಲ್ಲೂ ಯಾರೂ ಉಳಿಯಲಿಲ್ಲ. ನನ್ನವರಿದ್ದಿದ್ದರೆ ಕೇಳುತ್ತಿದ್ದೆ... ಏನು ಕೇಳುತ್ತಿದ್ದೆ? ಅವರೂ ಯೋಚನೆ ಮಾಡದೆ ಒಳಗೆ ಹೋದವರೇ.

ಸೆಪ್ಟೆಂಬರ್ 21, ಭಾನುವಾರ

ಬೆಳಿಗ್ಗೆ ಎದ್ದು ನೋಡಿದರೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ತಲೆ ತಾನೇ ಬಾಚಿಕೊಂಡಿದ್ದಾಳೆ, ಬೈತಲೆ ಸೊಟ್ಟ. ಎಲ್ಲಿಗೆ ಅಂದೆ. ಮೇಷ್ಟ್ರ ಮನೆಯ ದಿಕ್ಕಿಗೆ ಗಲ್ಲ ತೋರಿಸಿದಳು. ಬೇಡ ಪುಟ್ಟಾ, ಬರಬೇಡಿ ಅಂದಿದ್ದಾರೆ ಅಂದೆ. ಚಿಲಕ ತೆಗೆದು ಹೊರಟಳು. ಹಿಂದೆ ಹೋಗದೆ ಏನು ಮಾಡಲಿ?

ಬೀದಿಯಿಂದಲೇ ಕಿಟಕಿಯಲ್ಲಿ ಕಾಣುತ್ತಿತ್ತು. ಮೇಷ್ಟ್ರು ಹೆಂಡತಿಯ ಕೈ ಎತ್ತಿಸುತ್ತಿದ್ದರು, ಎಣಿಸುತ್ತಾ. ಮೊಣಕೈ ಹಿಡಿಯುವ ಜಾಗದಲ್ಲಿ ಮಣಿಕಟ್ಟು ಹಿಡಿದಿದ್ದರು. ಕೈ ಜಾರಿ ಜಾರಿ ಬೀಳುತ್ತಿತ್ತು. ಆಕೆ ಬಾಯಿ ತೆರೆಯುತ್ತಿರಲಿಲ್ಲ. ಬಂದಿದ್ದ ಮಾತೆಲ್ಲ ವಾಪಸ್ ಹೋಗಿದೆ ಅಂತ ಯಾರೋ ಹೇಳಿದ್ದರು. ನಂಬಿರಲಿಲ್ಲ.

ನಮ್ಮನ್ನು ನೋಡಿ ಹೊರಗೆ ಬಂದರು. ಗಡ್ಡ ಬಂದಿದೆ. ಇವಳ ಮುಂದೆ ನಿಂತರು. ಇವಳು ತಲೆ ತಗ್ಗಿಸಿ ಶೂ ನೋಡುತ್ತಿದ್ದಳು, ಏಟಿಗೆ ಕಾದವಳ ಹಾಗೆ.

“ನೀನು ನಿಮ್ಮಪ್ಪನ ಪರವಾಗಿ ಮಾತಾಡಿದೆ. ಮಾತಾಡಬೇಕಾದ್ದೇ” ಅಂದರು. ಅವಳ ತಲೆ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ನೋಡದೆ, “ಹುಡುಗಿ ಒಳಗೆ ಬರಲಿ” ಅಂದರು.

ನಾನು ಹೊಸ್ತಿಲತ್ತ ಒಂದು ಹೆಜ್ಜೆ ಇಟ್ಟೆ.

“ಹುಡುಗಿ ಅಂದೆ.”

ಬಾಗಿಲು ಹಾಕಿಕೊಂಡರು. ಚಿಲಕ ಹಾಕಿದ ಸದ್ದಾಗಲಿಲ್ಲ. ಅಷ್ಟನ್ನೇ ಆಸೆಯಾಗಿ ಹಿಡಿದುಕೊಂಡು ಎದುರಿನ ಮುಚ್ಚಿದ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತೆ, ಅವಳು ಬರುವವರೆಗೆ.

ಅಕ್ಟೋಬರ್ 5, ಭಾನುವಾರ. ಟೈಲರ್ ಅಂಗಡಿ ಮೆಟ್ಟಿಲು

ಇಲ್ಲಿ ಕೂರುವುದು ಇದು ಮೂರನೆಯ ಭಾನುವಾರ. ಇವತ್ತು ಬರೆಯುವುದಕ್ಕೆ ಈ ಪುಸ್ತಕವನ್ನು ಇಲ್ಲಿಗೇ ತಂದಿದ್ದೇನೆ.

ರೇಡಿಯೋ ಒಳಗಿದ್ದಾಳೆ. ಮೊಣಕೈ ಹೇಗೆ ಹಿಡಿಯಬೇಕು ಅಂತ ಆ ಫಿಸಿಯೋ ಹುಡುಗಿಯನ್ನು ಹುಡುಕಿಕೊಂಡು ಹೋಗಿ, ಕೇಳಿ ಕಲಿತು ಬಂದಿದ್ದಾಳೆ. ಕೇಳಿ ಅಂದರೆ ಬಾಯಲ್ಲಿ ಅಲ್ಲ, ಚೀಟಿ ಬರೆದು. ನನಗೆ ಆ ಹುಡುಗಿಯೇ ಹೇಳಿದ್ದು.

ಈಗ ಅಕ್ಕ ಬಂದಳು. ಕೆಲಸದಿಂದ ನೇರ ಬಂದಿರಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿದ ಹಾಗೇ ಇತ್ತು. ನನ್ನನ್ನು ನೋಡಿದಳು. ನಿಂತಳು. ನಾನು ಎದ್ದು ನಿಂತೆ.

“ಬಿಸಿಲಲ್ಲಿ ಕೂತಿದ್ದೀಯ” ಅಂದಳು.

“ಹೂಂ ಅಕ್ಕ.”

ಇನ್ನೇನೋ ಹೇಳುವವಳ ಹಾಗೆ ತುಟಿ ಅಲುಗಿತು. ಹೇಳಲಿಲ್ಲ. ಒಳಗೆ ಹೋದಳು. ಬಾ ಅನ್ನಲಿಲ್ಲ.

ಬಿಸಿಲು ನಿಜವಾಗಿಯೂ ಜೋರಾಗಿದೆ. ಹಾಳೆ ಕಣ್ಣಿಗೆ ಹೊಡೆಯುತ್ತಿದೆ. ನೆರಳಿಗೆ ಸರಿಯಬಹುದು. ಅಲ್ಲಿಂದ ಬಾಗಿಲು ಕಾಣುವುದಿಲ್ಲ.

ಕಿಟಕಿ ತೆರೆದಿದೆ, ಒಳಗೆ ಈಗ ದನಿ ಇಳಿದಿದೆ. ಗೊತ್ತು ನನಗೆ, ಯಾವಾಗ ಹಾಗೆ ಇಳಿಯುತ್ತದೆ ಅಂತ. ಆ ದಿನದ ಮಾತು ಶುರುವಾಗಿದೆ. ಮೇಷ್ಟ್ರು ಕೇಳುತ್ತಿದ್ದಾರೆ. ನಾನಿಲ್ಲದೆ ಉತ್ತರ ಯಾರು ಕೊಡುತ್ತಾರೆ? ಅಕ್ಕ ಕೊಡುವುದಿಲ್ಲ. 

ಅವರ ಹೆಸರು ಕೇಳಿತು. ನನ್ನವರ ಹೆಸರು. ಯಾರು ಹೇಳಿದರು ಗೊತ್ತಾಗಲಿಲ್ಲ, ಸಣ್ಣ ದನಿ, ಒಡೆದ ದನಿ. ಮತ್ತೆ ಬಂತು. ಅಕ್ಕನದಲ್ಲ. ಮೇಷ್ಟ್ರದ್ದೂ ಅಲ್ಲ. ಮೇಷ್ಟ್ರ ಹೆಂಡತಿಯದೋ, ನನ್ನ ರೇಡಿಯೋದೋ... ಕಿಟಕಿ ಹತ್ತಿರ ಹೋದರೆ ಗೊತ್ತಾಗುತ್ತದೆ. ಏಳುತ್ತಿದ್ದೇನೆ.